ಮುಂಡಾಸು ಯಾರ ತಲೆಗೆ?

ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು ಎಂದು ಧರ್ಮವೇ ಹೇಳಿಬಿಟ್ಟಿದೆ ಎನ್ನುವವರು ಸೊಲ್ಲಾಪುರ ಸೀಮೆಯ ದೇವರುಗಳ ಕತೆ ಕೇಳಬೇಕು. ಅಲ್ಲಿ ಕತೆ ಹೇಳುವುದೊಂದು, ಜಾತ್ರೆ ಮಾಡಿ ತೋರಿಸುವುದು ಇನ್ನೊಂದು.

ಮಂಗಳವೇಢೆ ತಾಲೂಕಿನ ಹುಲಜಂತಿ ಕುರಿ ಕಾಯುವ ಹಾಲುಮತದವರ ದೇವರು ಮಾಳಿಂಗರಾಯನ ಊರು. ದೀಪಾವಳಿ ಅಮಾವಾಸ್ಯೆಯ ರಾತ್ರಿ ಶಿವನೇ ಬಂದು ಗುಡಿಯ ಶಿಖರಕ್ಕೆ ಮುಂಡಾಸು ಸುತ್ತುತ್ತಾನೆಂಬುದು ಜನರ ನಂಬಿಕೆ. ಪಲ್ಲಕ್ಕಿಗಳ ಭೇಟಿಯ ಹೊತ್ತಿಗೆ ಅರಿಶಿನದ ಭಂಡಾರ ಹಾರಿ ಬಯಲೆಲ್ಲ ಹಳದಿ. ಮುಂಡಾಸೆಂದರೆ ಗಂಡಿನ ಮಾನ; ಅದು ಶಿಖರಕ್ಕೇರಿದಾಗ ಗಂಡಸುತನಕ್ಕೇ ಪೂಜೆ ಸಂದಂತೆ ಕಾಣುತ್ತದೆ. ಆದರೆ ಮಾಳಿಂಗರಾಯನಿಗೆ ಆ ಮಾನ ಬಂದದ್ದು ಗುರು ಬೀರಪ್ಪನ ಸೇವೆಯಿಂದ. ಹಾಲುಮತದ ಪದಗಳಲ್ಲಿ ಅವನು ಗುರುವಿಗಾಗಿ ಹುಲಿಯ ಹಾಲು ತಂದವನು. ಆ ಬೀರಪ್ಪನನ್ನಾದರೂ ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ ಮಾಯವ್ವ. ಕುರಿ ಕಾಯುವವನ ಬದುಕೂ ಇದೇ ಅಲ್ಲವೇ? ಅಡವಿಯಲ್ಲಿ ಈಯುವ ಕುರಿಗೆ ಅವನೇ ಸೂಲಗಿತ್ತಿ, ತಾಯಿ ಸತ್ತ ಮರಿಗೆ ಅವನೇ ತಾಯಿ. ಇಂಥ ಕತೆಯಿಂದ ಹುಡುಗನೊಬ್ಬ ಮಮತೆಯೇ ಗಂಡಸುತನ ಎಂದು ಕಲಿಯಬಹುದಿತ್ತು. ಆದರೆ ಅವನು ಕಲಿಯುವುದು ಮುಂಡಾಸನ್ನು. ಮದುವೆಯ ಆಹೇರಿಯಲ್ಲಿ ಅಪ್ಪನಿಗೆ ಟಾವೆಲ್-ಟೊಪ್ಪಿಗೆ, ಅವ್ವನಿಗೆ ಕುಪ್ಪಸದ ಖಣ. ಮನೆಯ ಹಿರಿಯ ತೀರಿಕೊಂಡರೆ ತಲೆಗೆ ಬಟ್ಟೆ ಸುತ್ತಿಸಿಕೊಳ್ಳುವವನು ಮಗ, ಮಗಳಲ್ಲ. ಕತೆ ವರ್ಷಕ್ಕೊಮ್ಮೆ ಕಿವಿಗೆ ಬೀಳುತ್ತದೆ, ಈ ಆಚಾರಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ.

ಸೊಲ್ಲಾಪುರದಲ್ಲಿ ಕತೆಗೂ ಆಚರಣೆಗೂ ನಡುವಿನ ಈ ಬಿರುಕು ಇನ್ನೂ ದೊಡ್ಡದು. ಹನ್ನೆರಡನೆಯ ಶತಮಾನದ ಸಿದ್ಧರಾಮ ಕೆರೆ ಕಟ್ಟಿಸಿದ ಶರಣ, ಹೆಣ್ಣಿನಲ್ಲಿ ತನ್ನ ಕಪಿಲಸಿದ್ಧ ಮಲ್ಲಿಕಾರ್ಜುನನನ್ನೇ ಕಂಡ ವಚನಕಾರ. ಅವನ ಹೆಸರಿನ ಸಂಕ್ರಾಂತಿ ಜಾತ್ರೆಯಲ್ಲಿ ನಡೆಯುವುದು ಮದುವೆ. ಅವನನ್ನೇ ವರಿಸುತ್ತೇನೆಂದ ಕುಂಬಾರರ ಹುಡುಗಿಗೆ ತನ್ನ ಯೋಗದಂಡವನ್ನು ಮದುವೆಯಾಗಲು ಹೇಳಿದನಂತೆ. ಆ ಮದುವೆಗೆ ಬಿಳಿ ಬಾರಾಬಂದಿ ತೊಟ್ಟ ಗಂಡಸರು ಏಳು ನಂದಿಧ್ವಜಗಳನ್ನು ಹೊತ್ತು ಬರುತ್ತಾರೆ, ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ ಬೀಳುತ್ತದೆ, ಮರುದಿನ ಹೋಮದಲ್ಲಿ ವಧು ಸಾಂಕೇತಿಕವಾಗಿ ಬೆಂಕಿಗೆ ಸೇರುತ್ತಾಳೆ. ಜನರ ಬಾಯಲ್ಲಿ ಅವಳು ಬರೀ ಕುಂಬಾರ ಕನ್ಯೆ. ಇದು ಬರೀ ಸಂಕೇತ, ಅಷ್ಟು ತಲೆ ಕೆಡಿಸಿಕೊಳ್ಳಬೇಡಿ ಎನ್ನುವವರಿದ್ದಾರೆ. ಆದರೆ ಕಲಿಸುವುದು ಸಂಕೇತವೇ; ವಚನ ಓದುವವರೆಷ್ಟು, ಜಾತ್ರೆಗೆ ಬರುವವರೆಷ್ಟು!

ಹಾಗೆಂದು ಸಂಸ್ಕೃತಿಯೆಲ್ಲ ಗಂಡಸಿನ ಪಿತೂರಿ ಎಂದುಬಿಡುವುದೂ ಸೋಮಾರಿತನ. ವಿಜಾಪುರ-ಸೊಲ್ಲಾಪುರ ಸೀಮೆಯ ಹರದೇಶಿ-ನಾಗೇಶಿ ಮೇಳಗಳು ಇದೇ ಪ್ರಶ್ನೆಯನ್ನು ರಾತ್ರಿಯಿಡೀ ಡಪ್ಪಿನ ಮೇಲೆ ಬಡಿದು ಹಾಡಿವೆ: ಶಿವ ದೊಡ್ಡವನೋ, ಶಕ್ತಿ ದೊಡ್ಡವಳೋ? ಗಂಡು ಹೆಚ್ಚೆಂದು ಹರದೇಶಿ, ಹೆಣ್ಣು ಹೆಚ್ಚೆಂದು ನಾಗೇಶಿ. ಹರದೇಶಿಯ ಗುರುತು ತುರಾಯಿ, ನಾಗೇಶಿಯದು ಕಲ್ಗಿ. (ಎರಡೂ ಮುಂಡಾಸಿಗೇ ಸಿಕ್ಕಿಸುವ ಒಡವೆಗಳು, ಅದು ಬೇರೆ ಮಾತು.) ಬಹುಕಾಲ ಹೆಣ್ಣಿನ ಪಕ್ಷ ಹಿಡಿದು ಹಾಡಿದವರೂ ಗಂಡಸರೇ, ಆಮೇಲೆ ಹೆಂಗಸರೇ ಮೇಳ ಕಟ್ಟಿ ಎದುರು ನಿಂತರು. ಇದೂ ಪುರಾಣ ಹಿಡಿದೇ ನಡೆಯುವ ವಾದ, ದೇವರನ್ನು ಬಿಟ್ಟು ಆಡಿದ್ದಲ್ಲ. ನಮ್ಮ ಪರಂಪರೆಯ ತೀರ್ಪು ಇದು ಎಂದು ಗದರಿಸುವವರಿಗೆ ನನ್ನ ಉತ್ತರ ಇಷ್ಟೆ: ಆ ಪರಂಪರೆ ಇನ್ನೂ ವಾದ ಮುಗಿಸಿಲ್ಲ, ಸವಾಲು ಹಾಕಿದವರ ಮುಂದೆ ಜವಾಬು ಹಾಡಲು ಎದುರು ಮೇಳಕ್ಕೆ ಪಾಳಿ ಕೊಡುತ್ತಲೇ ಬಂದಿದೆ. ಕುಂಬಾರ ಕನ್ಯೆಯ ಕಡೆಯಿಂದ ಒಂದು ಪದ ಕಟ್ಟಲು ಯಾವ ಶಾಸ್ತ್ರವೂ ಅಡ್ಡ ಬಂದಿಲ್ಲ.