ನಿಲುವಂಗಿಗೆ ಕಿಸೆ ಎಷ್ಟಿರಲಿ?

ನನ್ನ ಜೊತೆ ಬಿ.ಎ. ಮುಗಿಸಿದ ಗೆಳೆಯರೆಲ್ಲ ಈಗ ಒಂದೊಂದು ಪಟ್ಟಿ ಹಿಡಿದು ಕೂತಿದ್ದಾರೆ. ಇಂಡಿಯ ಗೆಳೆಯ ಪಿಎಸ್‌ಐ ಪರೀಕ್ಷೆಗೆ ಓದಬೇಕಾದ ಪುಸ್ತಕಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಾನೆ. ಮುದ್ದೇಬಿಹಾಳದ ಇನ್ನೊಬ್ಬ ಬೆಂಗಳೂರಿನ ಸಂದರ್ಶನಕ್ಕೆಂದು ಸಾಲ ಮಾಡಿ ಬ್ಲೇಜರ್ ಕೊಂಡಿದ್ದಾನೆ. ನನ್ನ ಕೈಗೂ ಒಂದು ಪಟ್ಟಿ ಬಂದಿದೆ. ಹಾಸಿಗೆ, ಸೊಳ್ಳೆಪರದೆ, ಬಕೆಟ್, ಬೈಬಲ್, ಕೊನೆಗೆ ಬಿಳಿ ನಿಲುವಂಗಿ ಎರಡು.

ನಾನು ಕ್ಯಾಥೋಲಿಕ್ ಗುರುವಾಗಲು ಗುರುಮಠ ಸೇರುತ್ತಿದ್ದೇನೆ. ಸಿಂದಗಿಯ ಕಾಲೇಜಿನಲ್ಲಿ ಇದನ್ನು ಹೇಳಿದಾಗ ಕೆಲವರು ನಕ್ಕರು, ಕೆಲವರು ‘ನೌಕರಿ ಸಿಗಲಿಲ್ಲ ಅಂತ ಹೊಂಟಿಯೇನ?’ ಎಂದರು. ಆ ಮಾತಿಗೆ ಉತ್ತರ ಕೊಡಲು ಈ ಲೇಖನ ಬರೆಯುತ್ತಿಲ್ಲ. ಒಂದು ಅಂಗಿ ಆರಿಸುವಾಗ ನನಗೆ ಗೊತ್ತಾದದ್ದು, ಬ್ಲೇಜರ್ ಕೊಂಡ ಗೆಳೆಯನಿಗೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಪಟ್ಟಿ ಬಂದ ರಾತ್ರಿಯೇ ಮೊಬೈಲ್‌ನಲ್ಲಿ ಹುಡುಕಿದೆ. ನಿಲುವಂಗಿಯಲ್ಲಿ ಇಷ್ಟೊಂದು ನಮೂನೆ ಇವೆ ಎಂದು ನನಗೆ ಗೊತ್ತಿರಲಿಲ್ಲ. ರೋಮನ್ ಮಾದರಿಗೆ ಕುತ್ತಿಗೆಯಿಂದ ಪಾದದವರೆಗೆ 33 ಗುಂಡಿ, ಯೇಸು ಬದುಕಿದ 33 ವರ್ಷಗಳ ನೆನಪಿಗೆ. ಸೊಂಟಕ್ಕೆ ಅಗಲವಾದ ಪಟ್ಟಿ, ಹೊಳೆಯುವ ಬಟ್ಟೆ. ಅದನ್ನು ತೊಟ್ಟ ನನ್ನ ವಯಸ್ಸಿನ ಹುಡುಗರ ಫೋಟೊಗಳಿಗೆ ಸಾವಿರಾರು ಲೈಕು. ನನಗೂ ಆಸೆಯಾಯಿತು. ಬೆಲೆ ಒಂದಕ್ಕೆ ನಾಲ್ಕು ಸಾವಿರದ ಮೇಲೆ. ಅವ್ವ ಒಂದು ಮಾತೂ ಆಡದೆ ಟ್ರಂಕಿನಿಂದ ದುಡ್ಡು ತೆಗೆದಳು. ತೊಗರಿ ಕೊಯ್ಯುವ ಕೂಲಿಗೆ ಹೋಗಿ ತಂಗಿಯ ಕಾಲೇಜು ಫೀಗೆಂದು ಕೂಡಿಟ್ಟ ದುಡ್ಡು ಅದು. ‘ಒಬ್ಬಾವ ಮಗ ಅದಿ, ಮಂದಿ ಮುಂದ ಛಲೋ ಕಾಣಬೇಕು’ ಅಂದಳು.

ಆ ದುಡ್ಡು ಕಿಸೆಯಲ್ಲಿಟ್ಟುಕೊಂಡು ಮೊದಲು ನಮ್ಮ ಟೇಲರ್ ಕಾಕಾನ ಬಳಿ ಹೋದೆ, ಅಳತೆ ತೆಗೆಸಿ ಕಂಪನಿಗೆ ಕಳಿಸಲು. ಶಾಲೆಯ ಯೂನಿಫಾರ್ಮ್ ಹೊಲಿದ, ಮಠದ ಸ್ವಾಮಿಗಳ ಕಾವಿ ನಿಲುವಂಗಿಯನ್ನೂ ಹೊಲಿದ ಕೈ ಅದು. ಕಾಕಾ ಟೇಪು ಹಿಡಿದು, ‘ಕಿಸೆ ಎಷ್ಟು ಇಡಬೇಕಂತ ತಮ್ಮಾ?’ ಎಂದ. ಎರಡು ಬದಿಗೆ ಎರಡು, ಎದೆಗೊಂದು ಎಂದೆ. ಆತ ನಕ್ಕು, ‘ನಮ್ಮ ಅಪ್ಪಾರ ಅಂಗಿಗೆ ಒಂದೂ ಇರಲಿಲ್ಲ ನೋಡು’ ಎಂದ.

ವಿಜಯಪುರ ಜಿಲ್ಲೆಯಲ್ಲಿ ‘ಅಪ್ಪಾರು’ ಎಂದರೆ ಯಾರೆಂದು ಕೇಳಬೇಕಿಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಕಾವಿ ತೊಡಲಿಲ್ಲ. ಸಾದಾ ಬಿಳಿ ಬಟ್ಟೆ, ಕಿಸೆಯಿಲ್ಲದ ಅಂಗಿ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದಲೇ ಬೇಡವೆಂದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಸೇರಿದ ಜನಸಾಗರದಲ್ಲಿ ನಾನೂ ಇದ್ದೆ. ಅಷ್ಟು ಜನ ಬಂದದ್ದು ಅಂಗಿ ನೋಡಿ ಅಲ್ಲ ಎಂಬುದು ಅಂದೇ ಗೊತ್ತಿತ್ತು. ಆದರೂ ಮೊಬೈಲ್ ಮುಂದೆ ಕೂತಾಗ ಮರೆತಿದ್ದೆ.

ಅಳತೆಗೆಂದು ಕಾಕಾ ಹಳೆಯದೊಂದು ಬಿಳಿ ನಿಲುವಂಗಿಯನ್ನು ನನಗೆ ತೊಡಿಸಿದ. ಅಷ್ಟರಲ್ಲಿ ಅಂಗಡಿಗೆ ಬಂದ ಮುದುಕರೊಬ್ಬರು ನನ್ನ ಮುಖವನ್ನೂ ಸರಿಯಾಗಿ ನೋಡದೆ ಕಾಲಿಗೆ ಬಾಗಿದರು. ನಾನು ಗಾಬರಿಯಾಗಿ ಹಿಂದೆ ಸರಿದೆ. ಹತ್ತು ನಿಮಿಷದ ಹಿಂದೆ ಅದೇ ಹಿರಿಯರು ರಸ್ತೆಯಲ್ಲಿ ‘ಸರಿ ಸರಿ, ದಾರಿ ಬಿಡೋ’ ಎಂದು ನನ್ನನ್ನು ಬದಿಗೆ ಸರಿಸಿ ಹೋಗಿದ್ದರು. ಬದಲಾದದ್ದು ನಾನಲ್ಲ, ಬಟ್ಟೆ. ಅಂಗಿ ಕೊಡಿಸುವ ಗೌರವ ಉದ್ರಿಯದು. ಕಿರಾಣಿ ಅಂಗಡಿಯ ಉದ್ರಿಯಂತೆ ಅದು ಇಂದು ಸುಮ್ಮನೆ ಸಿಗುತ್ತದೆ, ಮುಂದೆ ದುಡಿದು ತೀರಿಸಬೇಕಾಗುತ್ತದೆ. ಅಂಗಿ ಹೊಳೆದಷ್ಟೂ ಉದ್ರಿ ಬೆಳೆಯುತ್ತದೆ.

ನಾನಿನ್ನೂ ಏನೂ ಅಲ್ಲ ಎಂಬುದನ್ನೂ ಹೇಳಬೇಕು. ಕ್ಯಾಥೋಲಿಕ್ ಚರ್ಚ್‌ನ ಈಗಿನ ನಿಯಮದಂತೆ ಡೀಕನ್ ದೀಕ್ಷೆ ಆಗುವವರೆಗೆ ಗುರುಮಠದ ಹುಡುಗ ಯಾಜಕ ವರ್ಗಕ್ಕೆ ಸೇರಿದವನೇ ಅಲ್ಲ. ಅದಕ್ಕೆ ಇನ್ನೂ ಎಷ್ಟೋ ವರ್ಷ ಓದಬೇಕು. ನಡುವೆ ನಾನೇ ಬಿಟ್ಟು ಬರಬಹುದು, ಅವರೇ ಕಳಿಸಬಹುದು. ಅಂಥವನಿಗೆ 33 ಗುಂಡಿ ಯಾಕೆ? 2023ರ ಅಕ್ಟೋಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರು ರೋಮಿನ ಟೇಲರ್ ಅಂಗಡಿಗಳಲ್ಲಿ ಯುವ ಗುರುಗಳು ನಿಲುವಂಗಿ, ಟೊಪ್ಪಿಗೆ, ಲೇಸಿನ ಉಡುಪು ತೊಟ್ಟು ನೋಡುವುದನ್ನು ಬಹಿರಂಗವಾಗಿಯೇ ಟೀಕಿಸಿದ್ದರು. ಆ ಮಾತು ಓದಿದಾಗ ಸಿಂದಗಿಯಲ್ಲಿ ಮೊಬೈಲ್ ಹಿಡಿದು ಕೂತ ನನ್ನನ್ನೇ ಬೈದಂತಾಯಿತು.

ಹಾಗಿದ್ದರೆ ಯಾವ ಬಟ್ಟೆ? ಈ ಪ್ರಶ್ನೆ ನಮ್ಮ ಕಡೆ ಹೊಸದೇನಲ್ಲ. ಮುದ್ದೇಬಿಹಾಳದ ಆಚೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಕ್ಯಾಥೋಲಿಕರಿದ್ದಾರೆ. ನಮ್ಮ ಅಜ್ಜಿಯ ತವರು ಅದೇ. 1606ರಲ್ಲಿ ಮದುರೆಗೆ ಬಂದ ಇಟಲಿಯ ಯೇಸುಸಭೆಯ ಗುರು ರಾಬರ್ಟೊ ಡಿ ನೊಬಿಲಿ ಕಪ್ಪು ನಿಲುವಂಗಿ ಬಿಟ್ಟು ಸನ್ಯಾಸಿಯ ಕಾವಿ ತೊಟ್ಟರು. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯವರು ವಿರಕ್ತ ಮಠ ಎಂಬ ಹೆಸರಿನಲ್ಲೇ ಆಶ್ರಮ ಕಟ್ಟಿ, ಕಾವಿ ತೊಟ್ಟು, ಶಾಕಾಹಾರಿಗಳಾಗಿ ಬದುಕಿದರು. 2019ರಲ್ಲಿ ಬೆಳಗಾವಿಯ ಧರ್ಮಾಧ್ಯಕ್ಷರು ಅಲ್ಲಿ ಕಾವಿ ಧರಿಸಿದ್ದ ಚಿತ್ರಗಳು ಹರಿದಾಡಿದಾಗ ಎರಡೂ ಕಡೆಯಿಂದ ಟೀಕೆ ಬಂತು. ‘ಇದು ನಮ್ಮದಲ್ಲ’ ಎಂದು ಕೆಲವು ಕ್ರೈಸ್ತರು, ‘ಇದು ಮತಾಂತರದ ವೇಷ’ ಎಂದು ಇನ್ನು ಕೆಲವರು. ಕಾವಿ ತೊಡಲು ನನಗೆ ಧೈರ್ಯವೂ ಇಲ್ಲ, ಯೋಗ್ಯತೆಯೂ ಇಲ್ಲ. ಆದರೆ ನೆಲದ ಜನರಿಗೆ ಹತ್ತಿರವಾಗಬೇಕೆಂಬ ಅವರ ಹಂಬಲ ನನಗೆ ಅರ್ಥವಾಗುತ್ತದೆ.

ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ತಮ್ಮವರಿಗೆ ಪ್ರತ್ಯೇಕ ಸಮವಸ್ತ್ರವನ್ನೇ ಗೊತ್ತುಮಾಡಲಿಲ್ಲ. ಬಟ್ಟೆ ಮರ್ಯಾದೆಯಾಗಿರಲಿ, ಇರುವ ಊರಿನ ರೂಢಿಗೆ ಹೊಂದಲಿ, ಬಡತನದ ವ್ರತಕ್ಕೆ ಎದುರಾಗದಿರಲಿ ಎಂಬ ಮೂರೇ ಅಳತೆ ಕೊಟ್ಟರು. ನಾನು ಸೇರುತ್ತಿರುವುದು ಯೇಸುಸಭೆಯಲ್ಲ, ಆದರೂ ಈ ಅಳತೆ ನನಗೆ ಸಾಕು. ಏಪ್ರಿಲ್‌, ಮೇನಲ್ಲಿ 40 ಡಿಗ್ರಿ ದಾಟುವ ನಮ್ಮೂರಿಗೆ ಹತ್ತಿ ಬಟ್ಟೆ ಬೇಕು. ಕರಿ ಎರಿ ಮಣ್ಣಿನ ಧೂಳಿಗೆ ದಿನಾ ಒಗೆಯುವಂತಿರಬೇಕು. ಅವ್ವನ ಟ್ರಂಕು ಖಾಲಿ ಮಾಡದಂತಿರಬೇಕು.

‘ಅಂಗಿಯೇ ಯಾಕೆ ಬೇಕು, ಪ್ಯಾಂಟು ಶರ್ಟು ಸಾಲದೇ?’ ಎಂದು ಬಸವನ ಬಾಗೇವಾಡಿಯ ಗೆಳತಿ ಕೇಳಿದಳು. ಎಳೆ ವಯಸ್ಸಿನಲ್ಲೇ ಜನಿವಾರ ನಿರಾಕರಿಸಿ ಹೊರಟ ಬಸವಣ್ಣ ಹುಟ್ಟಿದ ಊರಿನವಳು ಆಕೆ. ಆ ಪ್ರಶ್ನೆ ಕೇಳುವ ಹಕ್ಕು ಆಕೆಗಿದೆ. ನಾನು ತುಸು ಹೊತ್ತು ಉತ್ತರಕ್ಕೆ ತಡವರಿಸಿದೆ. ಬಸವಣ್ಣ ಬೇಡವೆಂದದ್ದು ಒಬ್ಬನನ್ನು ಮೇಲೆ, ಇನ್ನೊಬ್ಬನನ್ನು ಕೆಳಗೆ ಇಡುವ ಗುರುತನ್ನು ಎಂದು ನಾನು ತಿಳಿದಿದ್ದೇನೆ. ಗುರುಮಠದಲ್ಲಿ ಶ್ರೀಮಂತನ ಮಗನೂ ಕೂಲಿಯವಳ ಮಗನೂ ಒಂದೇ ಬಿಳಿ ಬಟ್ಟೆಯಲ್ಲಿ ನಿಲ್ಲುವುದು ಒಳ್ಳೆಯದೇ. ನಡುರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ದಿಕ್ಕು ತೋಚದೆ ನಿಂತವರಿಗೆ ‘ಇವನನ್ನು ಕರೆಯಬಹುದು’ ಎಂದು ದೂರದಿಂದಲೇ ಗೊತ್ತಾಗುವುದೂ ಒಳ್ಳೆಯದು. ಅಂಗಿ ನನ್ನನ್ನು ಜನ ಕರೆಯಲು ಇರಲಿ, ನಾನು ಜನರನ್ನು ಬಾಗಿಸಲು ಅಲ್ಲ. ಅದು ಎರಡನೆಯದಾದ ದಿನ ಆಕೆಯ ಪ್ರಶ್ನೆಯೇ ಸರಿ.

ಬ್ಲೇಜರ್ ಕೊಂಡ ಗೆಳೆಯನಿಗೂ ಇಷ್ಟೇ ಹೇಳಿದೆ. ಸಂದರ್ಶನಕ್ಕೆ ಒಗೆದು ಇಸ್ತ್ರಿ ಮಾಡಿದ ಅಂಗಿ ಸಾಕು. ಸಾಲದ ಬ್ಲೇಜರ್ ತೊಟ್ಟರೆ ಪ್ರಶ್ನೆ ಕೇಳುವವರ ಮುಂದೆ ಕೂತಾಗಲೂ ಕಂತು ನೆನಪಾಗುತ್ತದೆ. ಆತ ‘ನಿನಗೇನು, ನಿನ್ನ ಕಂಪನಿಯಲ್ಲಿ ಎಲ್ಲರಿಗೂ ಒಂದೇ ಡ್ರೆಸ್’ ಎಂದು ನಕ್ಕ. ಅದೂ ನಿಜವೇ. ಬಟ್ಟೆ ನೋಡಿ ಒಳಗೆ ಬಿಡುವ ಲೋಕದಲ್ಲಿ ಅವನ ಕಷ್ಟ ನನ್ನದಕ್ಕಿಂತ ದೊಡ್ಡದು.

ಕಡೆಗೆ ಕಾಕಾನೇ ಎರಡು ನಿಲುವಂಗಿ ಹೊಲಿದ. ಹತ್ತಿ ಬೆರೆತ ಸಾದಾ ಬಿಳಿ ಬಟ್ಟೆ, ಆರು ಗುಂಡಿ. ನಾನಿನ್ನೂ ಬೆಳೆಯುವ ಹುಡುಗ ಎಂದು ಕೆಳಗಿನ ಅಂಚಿನಲ್ಲಿ ಎರಡು ಇಂಚು ಒಳಗೆ ಮಡಚಿಟ್ಟಿದ್ದಾನೆ. ಎರಡಕ್ಕೂ ಸೇರಿ ಖರ್ಚಾದದ್ದು ಮೊಬೈಲಿನಲ್ಲಿ ಕಂಡ ಒಂದರ ಅರ್ಧ ಬೆಲೆ. ಉಳಿದ ದುಡ್ಡು ಅವ್ವನಿಗೆ ಮರಳಿ ಕೊಟ್ಟೆ. ತಂಗಿಯ ಫೀ ಕಟ್ಟಿದ್ದಾಯಿತು. ‘ಮಂದಿ ಮುಂದ ಹೆಂಗ ಕಾಣ್ತದೋ’ ಎಂದು ಅವ್ವ ಇನ್ನೂ ಗೊಣಗುತ್ತಾಳೆ.

ಕಿಸೆ ಮಾತ್ರ ಒಂದು ಇಡಿಸಿದ್ದೇನೆ. ನಾನು ಸಿದ್ಧೇಶ್ವರ ಅಪ್ಪಾರಲ್ಲ, ಊರಿಗೆ ಬರಲು ಬಸ್ ಚಾರ್ಜ್ ಬೇಕು.