ಗಡಿ ದಾಟುವ ಪಾತಕ, ಗಡಿಯಲ್ಲೇ ನಿಲ್ಲುವ ಹೊಣೆ



ಸೊರಬ ತಾಲೂಕಿನ ಕ್ಯಾಸನೂರು ಎಂಬ ಪುಟ್ಟ ಊರಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಿಗೆ ಸೇರಿದ್ದು 1957ರಲ್ಲಿ. ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದನ್ನು ಕಂಡು ಗುರುತಿಸಿದ ಜ್ವರವೇ ಮಂಗನ ಕಾಯಿಲೆ. ಬಹುಕಾಲ ಇದನ್ನು ಶಿವಮೊಗ್ಗ ಮತ್ತು ಕರಾವಳಿ ಜಿಲ್ಲೆಗಳ ಪಾಡು ಎಂದೇ ಭಾವಿಸಲಾಗಿತ್ತು. ಮುಂದೆ ಅದು ವಯನಾಡು, ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಾಗ ನೆರೆರಾಜ್ಯಗಳ ಆರೋಗ್ಯ ಇಲಾಖೆಗಳು ಎಚ್ಚೆತ್ತವು. ಉಣ್ಣೆಗೆ ರಾಜ್ಯದ ಗಡಿ ಗೊತ್ತಿಲ್ಲ. ಪಾತಕಿಗಳ ವಿಷಯ ಇದಕ್ಕೆ ವಿರುದ್ಧ. ಅವರಿಗೆ ಗಡಿ ಚೆನ್ನಾಗಿ ಗೊತ್ತು, ಅದೇ ಅವರ ಬಂಡವಾಳ. ಈ ಕಡೆ ಕೃತ್ಯ ಎಸಗಿ ಆ ಕಡೆಗೆ ಹೋದರೆ ಪೊಲೀಸರು ಕರಗಲ್ಲಿನ ಬಳಿ ನಿಲ್ಲುತ್ತಾರೆ ಎಂಬುದು ಅವರ ಲೆಕ್ಕ.

ಸೊರಬ, ಸಾಗರ, ಶಿಕಾರಿಪುರದ ಕಾಡುಗಳ ಇನ್ನೊಂದು ಹೆಸರು ಶ್ರೀಗಂಧ. ಸೊರಬದ ಗುಡಿಗಾರರ ಕೆತ್ತನೆಯನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ಟಿಪ್ಪು ಸುಲ್ತಾನನ ಕಾಲದಿಂದಲೂ ಗಂಧದ ಮರ ಸರ್ಕಾರದ ಸ್ವತ್ತು. ರೈತನ ಹಿತ್ತಲಿನಲ್ಲಿ ಬೆಳೆದರೂ ಅದು ಅವನದಲ್ಲ. ಕಳುವಾದರೆ ಮಾತ್ರ ಉತ್ತರ ಹೇಳಬೇಕಾದವನು ಅವನೇ. ಹೀಗಾಗಿ ಗಂಧದ ಸಸಿ ಕಂಡರೆ ಕಿತ್ತೆಸೆಯುವುದೇ ಕ್ಷೇಮ ಎಂದುಕೊಂಡವರು ಮಲೆನಾಡಿನಲ್ಲಿ ಕಡಿಮೆ ಇರಲಿಲ್ಲ. 2001ರಲ್ಲಿ ಕಾನೂನು ತಿದ್ದುಪಡಿಯಾಗಿ ಭೂಮಾಲೀಕನಿಗೆ ಮರದ ಒಡೆತನ ದೊರೆಯಿತು. ಅಷ್ಟರಲ್ಲಿ ಈ ಮರದಿಂದ ನಿಜವಾದ ಲಾಭ ಪಡೆದವರು ಕಳ್ಳಸಾಗಣೆಗಾರರು. ಅವರಲ್ಲಿ ಕುಖ್ಯಾತನಾದವನು ಮಲೆನಾಡಿನವನಲ್ಲ, ಮಲೆ ಮಹದೇಶ್ವರ ಬೆಟ್ಟದ ಆಚೆಯ ಗೋಪಿನಾಥಂನ ವೀರಪ್ಪನ್.

ಕರ್ನಾಟಕ, ತಮಿಳುನಾಡುಗಳ ಗಡಿಕಾಡು, ಅದರಾಚೆ ಕೇರಳ. ವೀರಪ್ಪನ್ ಎರಡು ದಶಕ ಬದುಕಿದ್ದು ಈ ಭೂಗೋಳದ ಬಲದಿಂದ. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆ, 1992ರ ಆಗಸ್ಟ್‌ನಲ್ಲಿ ಮೈಸೂರಿನ ಪೊಲೀಸ್ ಅಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹತ್ಯೆ, 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸ್ಫೋಟಕ್ಕೆ 22 ಬಲಿ. ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಒಟ್ಟಾಗಿ ಕಾರ್ಯಾಚರಣೆಗೆ ಇಳಿದದ್ದು ಈ ರಕ್ತಪಾತದ ನಡುವೆ. ಆ ದಿನಗಳನ್ನು ನೆನಪಿಸಿಕೊಳ್ಳಿ. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದು, ಡಿಸೆಂಬರ್‌ನಲ್ಲಿ ಬೆಂಗಳೂರು ಹೊತ್ತಿ ಉರಿದಿತ್ತು. ನೀರಿನ ವಿಷಯದಲ್ಲಿ ಮುಖಕ್ಕೆ ಮುಖ ಕೊಡದ ಸರ್ಕಾರಗಳು ಕಾಡಿನಲ್ಲಿ ಮಾತ್ರ ಒಂದಾಗಬೇಕಿತ್ತು.

ಒಂದಾದವೇ? ಅರ್ಧಂಬರ್ಧ. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅಪಹರಣ ನಡೆದದ್ದು ಗಾಜನೂರಿನಲ್ಲಿ. ಊರು ಕನ್ನಡದ್ದು, ಆಡಳಿತ ತಮಿಳುನಾಡಿನದು. ಎಸ್.ಎಂ. ಕೃಷ್ಣ ಮತ್ತು ಎಂ. ಕರುಣಾನಿಧಿ ಅವರ ಸರ್ಕಾರಗಳು ಆಗ ನಿಜಕ್ಕೂ ಹೆಗಲು ಕೊಟ್ಟು ಕೆಲಸ ಮಾಡಿದವು, ಆದರೆ ಆ ಸಹಕಾರ ಪಾತಕಿಯನ್ನು ಹಿಡಿಯುವುದಕ್ಕಲ್ಲ, ಅವನ ಬೇಡಿಕೆ ಈಡೇರಿಸುವುದಕ್ಕೆ. ಮೈಸೂರು ಜೈಲಿನ ಟಾಡಾ ಕೈದಿಗಳ ಮೇಲಿನ ಮೊಕದ್ದಮೆ ಹಿಂಪಡೆಯಲು ಹೊರಟಾಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು ಹತರಾದ ಶಕೀಲ್ ಅಹಮದರ ತಂದೆ. ನ್ಯಾಯಾಲಯ ಆ ಬಿಡುಗಡೆಗೆ ತಡೆ ಹಾಕಿತು. 108 ದಿನಗಳ ನಂತರ, ನವೆಂಬರ್ 15ರಂದು ರಾಜ್‌ಕುಮಾರ್ ಹೊರಬಂದರು. ಹೋಲಿ ಕ್ರಾಸ್ ಆಸ್ಪತ್ರೆಯಿಂದಾಗಿ ನಮ್ಮ ಎಷ್ಟೋ ಓದುಗರಿಗೆ ಪರಿಚಿತವಾದ ಕಾಮಗೆರೆಯಿಂದ 2002ರ ಆಗಸ್ಟ್‌ನಲ್ಲಿ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪ ಮಾತ್ರ ಜೀವಂತ ಮರಳಲಿಲ್ಲ. 2004ರ ಅಕ್ಟೋಬರ್ 18ರಂದು ಪಾಪಾರಪಟ್ಟಿಯಲ್ಲಿ ವೀರಪ್ಪನ್ ಸತ್ತಾಗಲೂ ಅದು ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆಯ ಕೆಲಸವಾಗಿತ್ತು. ಜಂಟಿ ಎಂದು ಕರೆಸಿಕೊಂಡ ಕಾರ್ಯಾಚರಣೆಯ ಕೊನೆಯ ಅಂಕ ಜಂಟಿಯಾಗಿ ನಡೆಯಲಿಲ್ಲ.

ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಇದರ ಬೆಲೆ ತೆತ್ತವರ ಕಥೆ ಅಷ್ಟಾಗಿ ಗೊತ್ತಿಲ್ಲ. ಬೆಟ್ಟದ ತಪ್ಪಲಿನ ಸೋಲಿಗರು, ಗಡಿಹಳ್ಳಿಗಳ ತಮಿಳು ಮಾತನಾಡುವ ಬಡವರು, ಮೈಸೂರು ಧರ್ಮಪ್ರಾಂತ್ಯದ ಮಾರ್ಟಳ್ಳಿ ಸುತ್ತಲಿನ ಕ್ರೈಸ್ತ ಕುಟುಂಬಗಳು, ಇವರಿಗೆ ಹಗಲು ಪೊಲೀಸರು, ಇರುಳು ವೀರಪ್ಪನ್. ಅಕ್ಕಿ ಕೊಟ್ಟರೆ ಕಾರ್ಯಪಡೆಯ ಶಿಬಿರ, ಕೊಡದಿದ್ದರೆ ಕಾಡಿನ ಗುಂಡು. ದೂರುಗಳು ಹೆಚ್ಚಾದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಆಯೋಗ 89 ಮಂದಿ ಸಂತ್ರಸ್ತರಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಎಂದು ತೀರ್ಮಾನಿಸಿದ್ದು 2007ರಲ್ಲಿ, ಪಾತಕಿ ಸತ್ತು ಎರಡು ವರ್ಷ ಕಳೆದ ಮೇಲೆ. ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್‌ನಲ್ಲಿ ಗಂಧ ಹುಡುಕುವ ನೆಪದಲ್ಲಿ ನಡೆದ ದಾಳಿಯಲ್ಲಿ 18 ಮಹಿಳೆಯರ ಮೇಲೆ ಅತ್ಯಾಚಾರವಾಯಿತು. ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ 269 ಮಂದಿ ಆರೋಪಿಗಳು. ವಿಚಾರಣಾ ನ್ಯಾಯಾಲಯ ತೀರ್ಪು ಕೊಡುವಾಗ 2011, ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದಾಗ 2023. ವಿಚಾರಣಾ ನ್ಯಾಯಾಲಯದ ತೀರ್ಪಿನ ಹೊತ್ತಿಗೇ ಆರೋಪಿಗಳಲ್ಲಿ 54 ಮಂದಿ ತೀರಿಕೊಂಡಿದ್ದರು.

ನನ್ನ ಆಕ್ಷೇಪ ಇಲ್ಲಿಯೇ. ಎರಡು ರಾಜ್ಯಗಳು ಪಡೆಗಳನ್ನು ಜೋಡಿಸಿದವು, ಬಂದೂಕು ಜೋಡಿಸಿದವು. ಆದರೆ ಮನೆಗೆ ನುಗ್ಗಿದವರು ಯಾವ ಕಡೆಯವರು ಎಂದೇ ತಿಳಿಯದ ಹೆಂಗಸು ದೂರು ಕೊಡುವುದಕ್ಕೆ ಒಂದು ಜಂಟಿ ಬಾಗಿಲನ್ನು ಯಾರೂ ತೆರೆಯಲಿಲ್ಲ. ಮಾನವ ಹಕ್ಕುಗಳ ಕಾಯ್ದೆಯ 36ನೇ ವಿಧಿಯಂತೆ ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಕೈಗೆತ್ತಿಕೊಳ್ಳುವಂತಿಲ್ಲ. ಕಾಡಿನ ಹಾಡಿಯಿಂದ ತಾಲೂಕು ಕಚೇರಿ ತಲುಪುವುದಕ್ಕೇ ಧೈರ್ಯ ಕೂಡಬೇಕಾದವರಿಗೆ ಒಂದು ವರ್ಷ ಎಷ್ಟು ಅಲ್ಪ ಎಂಬುದು ಅಂಥ ಊರುಗಳಲ್ಲಿ ಸೇವೆ ಮಾಡಿದ ಧರ್ಮಭಗಿನಿಯರಿಗೆ ಗೊತ್ತು.

ಪಾಲಾರ್ ಪ್ರಕರಣದಲ್ಲೂ ಇದೇ ಗೊಂದಲ. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ನೂರಕ್ಕೂ ಹೆಚ್ಚು ಆರೋಪಿಗಳನ್ನು ಬಿಡುಗಡೆ ಮಾಡಿತು; ಅವರಲ್ಲಿ ಬಹುಮಂದಿ ಅಷ್ಟರಲ್ಲಿ ವರ್ಷಗಟ್ಟಲೆ ಜೈಲಿನಲ್ಲಿ ಕಳೆದಿದ್ದರು. ಜೀವಾವಧಿ ಶಿಕ್ಷೆ ಪಡೆದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆ ವಿಧಿಸಿ, ಕ್ಷಮಾದಾನ ಅರ್ಜಿಯ ವಿಳಂಬದ ಕಾರಣಕ್ಕೆ 2014ರ ಜನವರಿಯಲ್ಲಿ ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು.

ಕಾಡಿನ ಇನ್ನೊಂದು ಅಧ್ಯಾಯ, ಮಲೆನಾಡಿನ ನಕ್ಸಲ್ ಚಳವಳಿ, ಬೇರೆ ರೀತಿ ಮುಗಿಯಿತು. 2024ರ ನವೆಂಬರ್‌ನಲ್ಲಿ ಹೆಬ್ರಿ ಬಳಿ ವಿಕ್ರಂ ಗೌಡ ಹತನಾದ. ಅದಾಗಿ ಎರಡು ತಿಂಗಳೊಳಗೆ, 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು. ಅವರಲ್ಲಿ ನಾಲ್ವರು ಕರ್ನಾಟಕದವರು, ಒಬ್ಬರು ಕೇರಳದವರು, ಒಬ್ಬರು ತಮಿಳುನಾಡಿನವರು. ಗುಂಡಿಗಿಂತ ಮಧ್ಯಸ್ಥಿಕೆ ವಹಿಸಿದ ನಾಗರಿಕರ ಮಾತು ಹೆಚ್ಚು ಕೆಲಸ ಮಾಡಿತು ಎಂದು ನನಗನಿಸುತ್ತದೆ.

ಇನ್ನು ನಮ್ಮ ಕರಾವಳಿ. ಇಲ್ಲಿನ ಗಡಿ ಸಮುದ್ರದಾಚೆಗಿದೆ. ಉಡುಪಿ ಕಡೆಯ ಬನ್ನಂಜೆ ರಾಜ ಮತ್ತು ರವಿ ಪೂಜಾರಿ ವಿದೇಶದಲ್ಲಿ ಕುಳಿತು ಹಫ್ತಾಕ್ಕಾಗಿ ಮಾಡುತ್ತಿದ್ದ ಕರೆಗಳಿಗೆ ಬೆವರದ ಉದ್ಯಮಿ, ಬಿಲ್ಡರ್ ಮಂಗಳೂರಿನಲ್ಲಿ ವಿರಳ. 2013ರ ಡಿಸೆಂಬರ್‌ನಲ್ಲಿ ಅಂಕೋಲಾದ ಉದ್ಯಮಿ ಆರ್.ಎನ್. ನಾಯಕ್ ಹತ್ಯೆಯಾಯಿತು. ಕೊಲ್ಲಲು ಬಂದವರಲ್ಲಿ ಕೇರಳದವರೂ ಉತ್ತರ ಪ್ರದೇಶದವರೂ ಇದ್ದರು, ಆದೇಶ ಕೊಟ್ಟವನು ದೇಶದಲ್ಲೇ ಇರಲಿಲ್ಲ. ಇಂಟರ್‌ಪೋಲ್ ನೆರವಿನಿಂದ ಬನ್ನಂಜೆ ರಾಜ 2015ರಲ್ಲಿ ಮೊರಾಕ್ಕೊದಲ್ಲಿ ಸೆರೆಯಾದ, ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ. 2022ರಲ್ಲಿ ಬೆಳಗಾವಿಯ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. 2000ದಲ್ಲಿ ರೂಪುಗೊಂಡ ಕೋಕಾ ಕಾಯ್ದೆಯಡಿ ರಾಜ್ಯದಲ್ಲಿ ಶಿಕ್ಷೆಯಾದ ಮೊದಲ ಪ್ರಕರಣ ಅದು. ರವಿ ಪೂಜಾರಿ 2019ರ ಜನವರಿಯಲ್ಲಿ ಸೆನೆಗಲ್‌ನಲ್ಲಿ ಸಿಕ್ಕಿಬಿದ್ದಾಗ ಅವನ ಬಳಿ ಇದ್ದದ್ದು ಬುರ್ಕಿನಾ ಫಾಸೊದ ಪಾಸ್‌ಪೋರ್ಟ್, ಹೆಸರು ಆಂಟನಿ ಫೆರ್ನಾಂಡಿಸ್! (ನಮ್ಮ ಜ್ಞಾನಸ್ನಾನದ ದಫ್ತರಿನಲ್ಲಿ ಹುಡುಕಿದರೆ ಆ ಹೆಸರಿನವರು ಡಜನುಗಟ್ಟಲೆ ಸಿಗುತ್ತಾರೆ, ಪಾಪ.) ಜಾಮೀನಿನ ಮೇಲೆ ಹೊರಬಂದು ದಕ್ಷಿಣ ಆಫ್ರಿಕಾಕ್ಕೆ ಓಡಿದವನನ್ನು ಮತ್ತೆ ಹಿಡಿದು 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ತರಲಾಯಿತು. ಮೊರಾಕ್ಕೊ, ಸೆನೆಗಲ್ ನಮ್ಮ ನೆರೆಯವಲ್ಲ. ಆದರೂ ಕೆಲಸ ನಡೆಯಿತು.

ನೆರೆಯವರ ಜೊತೆ ನಡೆಯುತ್ತಿಲ್ಲ ಎಂಬುದೇ ವಿಪರ್ಯಾಸ. ಸಾರ್ಕ್ ದೇಶಗಳು 1987ರಲ್ಲಿ ಭಯೋತ್ಪಾದನೆ ನಿಗ್ರಹಕ್ಕೆ, 1990ರಲ್ಲಿ ಮಾದಕವಸ್ತುಗಳ ವಿರುದ್ಧ, 2002ರಲ್ಲಿ ಹೆಂಗಸರು ಮಕ್ಕಳ ಸಾಗಾಟದ ವಿರುದ್ಧ, 2008ರಲ್ಲಿ ಅಪರಾಧ ತನಿಖೆಯ ಪರಸ್ಪರ ನೆರವಿಗೆ ಒಪ್ಪಂದಗಳನ್ನು ಮಾಡಿಕೊಂಡಿವೆ. ಕಾಗದದಲ್ಲಿ ಕೊರತೆಯಿಲ್ಲ. 2014ರ ಕಠ್ಮಂಡು ಶೃಂಗಸಭೆಯ ನಂತರ ಮುಖ್ಯಸ್ಥರು ಒಂದೆಡೆ ಕುಳಿತಿಲ್ಲ. 2016ರ ಇಸ್ಲಾಮಾಬಾದ್ ಸಭೆ ರದ್ದಾಯಿತು. ಕಾವೇರಿ ಜಗಳದ ನಡುವೆಯೂ ಎರಡು ರಾಜ್ಯಗಳ ಪೊಲೀಸರು ಒಟ್ಟಿಗೆ ನಡೆದ ಉದಾಹರಣೆ ನಮ್ಮಲ್ಲಿರುವಾಗ, ರಾಜಕೀಯ ಮುನಿಸು ತೀರುವ ತನಕ ಪೊಲೀಸ್ ಕೆಲಸ ಕಾಯಬೇಕು ಎಂಬ ವಾದ ನನಗೆ ಒಪ್ಪಿಗೆಯಿಲ್ಲ.

ಕೆಲಸ ಮಾಡುವ ಸಹಕಾರ ಹೇಗಿರುತ್ತದೆ ಎಂಬುದಕ್ಕೆ ಮಂಗಳೂರಿನದೇ ನಿದರ್ಶನವಿದೆ. 2024ರಲ್ಲಿ ಪಂಪ್‌ವೆಲ್ ಬಳಿ ಒಬ್ಬನ ಕೈಯಲ್ಲಿ ಸಿಕ್ಕಿದ್ದು 15 ಗ್ರಾಂ ಎಂಡಿಎಂಎ. ಆ ಎಳೆ ಹಿಡಿದು ಹೋದ ಪೊಲೀಸರಿಗೆ ಬೆಂಗಳೂರಿನಲ್ಲಿ ನೈಜೀರಿಯಾದವನೊಬ್ಬನ ಬಳಿ 6 ಕಿಲೋ ಸಿಕ್ಕಿತು. ಅಲ್ಲಿಂದ ಮುಂದೆ, 2025ರ ಮಾರ್ಚ್‌ನಲ್ಲಿ, ದೆಹಲಿಯಿಂದ ವಿಮಾನದಲ್ಲಿ ಬಂದಿಳಿದ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರ ಟ್ರಾಲಿ ಬ್ಯಾಗುಗಳಲ್ಲಿ 37 ಕಿಲೋಗೂ ಹೆಚ್ಚು. ಪೊಲೀಸರ ಅಂದಾಜಿನಲ್ಲಿ 75 ಕೋಟಿ ರೂಪಾಯಿಯ ಮಾಲು. ಪಂಪ್‌ವೆಲ್‌ನಲ್ಲೇ ಕಡತ ಮುಚ್ಚಿದ್ದರೆ ಲೆಕ್ಕ 15 ಗ್ರಾಂಗೆ ಮುಗಿಯುತ್ತಿತ್ತು.