ರೋಗವಲ್ಲದ, ರಾಜಿಗೆ ಒಗ್ಗದ ಸಂಕಟಗಳು

ಆಲೋಚನೆ, ಭಾವಸ್ಥಿತಿ, ಗ್ರಹಿಕೆ, ಸ್ಮೃತಿ ಮುಂತಾದವುಗಳಲ್ಲಿ ಗಣನೀಯ ಏರುಪೇರು ಉಂಟಾಗಿ, ಅದರಿಂದ ವ್ಯಕ್ತಿಯ ವಿವೇಚನೆ, ನಡವಳಿಕೆ ಅಥವಾ ನಿತ್ಯದ ಬದುಕನ್ನು ನಿಭಾಯಿಸುವ ಶಕ್ತಿ ತೀವ್ರವಾಗಿ ಕುಂದಿದ್ದರೆ ಅದನ್ನು ಮಾನಸಿಕ ಅಸ್ವಸ್ಥತೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪರಿಗಣಿಸುತ್ತದೆ. ಸಮುದಾಯದಲ್ಲಿ ರೂಢಿಯಲ್ಲಿರುವ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಒಬ್ಬರು ಒಗ್ಗುತ್ತಿಲ್ಲ ಎಂಬ ಕಾರಣಕ್ಕೆ ಅವರನ್ನು ಅಸ್ವಸ್ಥರೆಂದು ನಿರ್ಧರಿಸಕೂಡದು ಎಂದು ಅದೇ ಕಾಯ್ದೆಯ 3ನೇ ಸೆಕ್ಷನ್ ಸ್ಪಷ್ಟವಾಗಿ ತಡೆಯೊಡ್ಡುತ್ತದೆ. ಮನೆಯವರ ಮಾತು ಕೇಳದ ಹೆಣ್ಣುಮಕ್ಕಳನ್ನೂ ಜಾತಿಯಾಚೆಗೆ ಪ್ರೀತಿಸಿದವರನ್ನೂ ಹುಚ್ಚಾಸ್ಪತ್ರೆಗೆ ಸೇರಿಸಿಬಿಡಬಹುದಾಗಿದ್ದ ದೇಶದಲ್ಲಿ ಇಂಥದೊಂದು ಗೆರೆ ಅತ್ಯಗತ್ಯವಾಗಿತ್ತು. ಆದರೆ ಆ ಗೆರೆಯ ಈಚೆಗೆ ಉಳಿದವರ ವಿಷಯದಲ್ಲಿ ಕಾನೂನಿಗೆ ಹೇಳಲು ಹೆಚ್ಚೇನೂ ಇಲ್ಲ. ಓದುತ್ತಿರುವ ಕೋರ್ಸು ತನ್ನದಲ್ಲವೆಂದು ಮೂರನೇ ವರ್ಷದಲ್ಲಿ ಅರಿವಾದ ಎಂಜಿನಿಯರಿಂಗ್ ವಿದ್ಯಾರ್ಥಿ, ವಿಚ್ಛೇದನದ ನಂತರ ತವರಿಗೂ ಸಲ್ಲದೆ ತನ್ನದೇ ಬದುಕಿಗೂ ನಿಲ್ಲದೆ ತೊಳಲುವ ಮಹಿಳೆ, ನಿವೃತ್ತಿಯ ಮರುದಿನದಿಂದ ತಾನು ಯಾರೆಂಬುದೇ ತಿಳಿಯದಂತಾದ ಅಧಿಕಾರಿ, ತನ್ನ ಲೈಂಗಿಕ ಒಲವನ್ನು ಮನೆಯಲ್ಲಿ ಹೇಳಬೇಕೋ ಬೇಡವೋ ಎಂದು ವರ್ಷಗಟ್ಟಲೆ ಒಳಗೊಳಗೇ ಕುದಿಯುವ ಯುವಕ: ಇವರಾರೂ ರೋಗಿಗಳಲ್ಲ, ಆದರೆ ಇವರೆಲ್ಲರಿಗೂ ತಮ್ಮ ಪ್ರಶ್ನೆಯನ್ನು ಬಿಡಿಸಿಟ್ಟು ನೋಡಲು ಒಂದು ಜಾಗ ಬೇಕು.

ಕರ್ನಾಟಕದಲ್ಲಿ ಅಂಥ ಜಾಗವನ್ನು ಹುಡುಕುವವರ ಎದುರಿಗೆ ಸಾಮಾನ್ಯವಾಗಿ ಎರಡು ಬಾಗಿಲುಗಳಷ್ಟೇ ಇರುತ್ತವೆ. ಮೊದಲನೆಯದು ಆಸ್ಪತ್ರೆ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದಿಗೆ ವಿಲೀನಗೊಂಡು ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಪರಂಪರೆಯ ಬಗ್ಗೆ ರಾಜ್ಯ ಹೆಮ್ಮೆಪಡಬಹುದು. ಆದರೂ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯು ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ಕಾಯಿಲೆಯಿದೆ ಎಂದೂ ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲ ಎಂದೂ ಹೇಳಿರುವಾಗ, ಆಸ್ಪತ್ರೆಯ ಗಮನ ತೀವ್ರ ಕಾಯಿಲೆಯವರ ಕಡೆಗೇ ಹೋಗುವುದನ್ನು ಯಾರೂ ಆಕ್ಷೇಪಿಸಲಾರರು. ಎರಡನೆಯ ಬಾಗಿಲು ಕೌಟುಂಬಿಕ ನ್ಯಾಯಾಲಯ, ಪೊಲೀಸ್ ಸಹಾಯವಾಣಿ ಮತ್ತು ಸಾಂತ್ವನ ಕೇಂದ್ರಗಳದ್ದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯು ಆಪ್ತಸಮಾಲೋಚಕರ ನೇಮಕಕ್ಕೆ ಅವಕಾಶ ನೀಡುವುದರ ಜೊತೆಗೆ, ಸಾಧ್ಯವಿದ್ದಲ್ಲೆಲ್ಲ ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವನ್ನಾಗಿ ವಿಧಿಸಿದೆ. ಅಲ್ಲಿನ ಸಮಾಲೋಚನೆ ಗೆದ್ದಿತೆಂದು ಹೇಳುವುದು ಗಂಡ ಹೆಂಡತಿ ಒಂದಾದಾಗ ಅಥವಾ ಜಗಳವಿಲ್ಲದೆ ಬೇರೆಯಾದಾಗ. ಹಳ್ಳಿಯ ಹಿರಿಯರು ಕಟ್ಟೆಯ ಮೇಲೆ ಮಾಡುತ್ತಿದ್ದ ಪಂಚಾಯಿತಿಗೂ ಇದಕ್ಕೂ ಗೊತ್ತುವಳಿಯ ಭಾಷೆಯಲ್ಲಿ ಬಿಟ್ಟರೆ ಉದ್ದೇಶದಲ್ಲಿ ಅಷ್ಟೇನೂ ಅಂತರವಿಲ್ಲ.

ಈ ಎರಡಕ್ಕೂ ಸೇರದ ಕೆಲಸವೇ ಅಸ್ಮಿತೆ, ಸಂಬಂಧ ಮತ್ತು ಬದುಕಿನ ತಿರುವುಗಳನ್ನು ಕುರಿತ ಮನೋಚಿಕಿತ್ಸೆ. ಔಷಧವಿಲ್ಲದೆ, ತರಬೇತಿ ಪಡೆದ ಚಿಕಿತ್ಸಕರೊಂದಿಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಒಂದು ತಾಸಿನಷ್ಟು ಹೊತ್ತು, ಗೋಪ್ಯತೆಯ ಭರವಸೆಯೊಂದಿಗೆ ನಡೆಯುವ ಈ ಮಾತುಕತೆಯಲ್ಲಿ ಬಂದವರಿಗೆ ಬುದ್ಧಿವಾದ ಹೇಳುವುದು ಉದ್ದೇಶವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ, ವ್ಯಕ್ತಿಯಲ್ಲಿ ಬದಲಾವಣೆ ಮೂಡಬೇಕಾದರೆ ಚಿಕಿತ್ಸಕನಲ್ಲಿ ಇರಬೇಕಾದ ಮೂರು ಗುಣಗಳನ್ನು ಮುಂದಿಟ್ಟರು: ಒಳಗೊಂದು ಹೊರಗೊಂದು ಇಲ್ಲದ ಪ್ರಾಮಾಣಿಕತೆ, ಎದುರಿನವರನ್ನು ಷರತ್ತಿಲ್ಲದೆ ಗೌರವಿಸುವುದು, ಅವರ ಅನುಭವವನ್ನು ಅವರ ನೆಲೆಯಿಂದಲೇ ಗ್ರಹಿಸುವ ಪರಾನುಭೂತಿ. ಹೇಳಲು ಸುಲಭವಾದ ಈ ಮೂರನ್ನು ಪಾಲಿಸುವುದು, ಹಿರಿಯರಾದವರು ಕಿರಿಯರಿಗೆ ತಿಳಿ ಹೇಳಲೇಬೇಕು ಎಂಬ ಸಂಸ್ಕಾರದಲ್ಲಿ ಬೆಳೆದ ಚಿಕಿತ್ಸಕರಿಗೆ ಬಹಳ ಕಷ್ಟ. ಮಾತಿಗೆ ಬಂದವರೂ ಬಹುತೇಕ ಅದನ್ನೇ ನಿರೀಕ್ಷಿಸುತ್ತಾರೆ. ಈಗ ಏನು ಮಾಡಬೇಕು ಹೇಳಿಬಿಡಿ ಎಂದು ಮೊದಲ ಭೇಟಿಯಲ್ಲೇ ಕೇಳುತ್ತಾರೆ.

ಅಸ್ಮಿತೆಯ ಬಿಕ್ಕಟ್ಟು ಎಂಬ ಪರಿಕಲ್ಪನೆಗೆ ರೂಪ ಕೊಟ್ಟ ಎರಿಕ್ ಎರಿಕ್ಸನ್ ಅವರ ಬದುಕೇ ಈ ವಿಷಯಕ್ಕೆ ಒಳ್ಳೆಯ ಟಿಪ್ಪಣಿ. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಹೆತ್ತ ತಂದೆ ಯಾರೆಂದು ತಿಳಿಯದೆಯೇ ಬೆಳೆದು, ಮಲತಂದೆಯ ಹೆಸರು ಹೊತ್ತು, ಅಮೆರಿಕದ ಪೌರತ್ವ ಪಡೆಯುವಾಗ ಎರಿಕ್ಸನ್ ಎಂಬ ಹೆಸರನ್ನು ತಾವೇ ಇಟ್ಟುಕೊಂಡ ಅವರು, ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡುವ ಸಂದರ್ಭದಲ್ಲಿ ಈ ಪದವನ್ನು ಬಳಸತೊಡಗಿದರು. ಆ ಸೈನಿಕರಿಗೆ ಬುದ್ಧಿ ಕೆಟ್ಟಿರಲಿಲ್ಲ. ತಾವು ಹಿಂದೆ ಇದ್ದವರೇ ಎಂಬ ನಿರಂತರತೆಯ ಭಾವ ಕಡಿದುಹೋಗಿತ್ತು. 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಷಿಯಾ ಈ ಚಿಂತನೆಯನ್ನು ಮುಂದುವರಿಸಿ, ಹದಿಹರೆಯದವರ ಅಸ್ಮಿತೆಯಲ್ಲಿ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ಹುಡುಕಾಡಿ ಕಂಡುಕೊಂಡವರು, ಇನ್ನೂ ಹುಡುಕುತ್ತಿರುವವರು, ಹುಡುಕಾಟಕ್ಕೇ ಇಳಿಯದೆ ಅಲೆಯುವವರು ಎಂಬ ಮೂರರ ಜೊತೆಗೆ ಅವರು ಹೇಳಿದ ನಾಲ್ಕನೆಯ ಸ್ಥಿತಿ ಕನ್ನಡ ನಾಡಿನ ಮಧ್ಯಮ ವರ್ಗಕ್ಕೆ ಬಹಳ ಪರಿಚಿತ: ಯಾವ ಪ್ರಶ್ನೆಯನ್ನೂ ಕೇಳದೆ, ಬೇರೆಯವರು ತೀರ್ಮಾನಿಸಿಟ್ಟ ಗುರುತನ್ನು ತನ್ನದೆಂದು ಒಪ್ಪಿಕೊಂಡುಬಿಡುವುದು. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದಲ್ಲೇ ವಿಜ್ಞಾನ ವಿಭಾಗ, ಅಲ್ಲಿಂದ ಸಿಇಟಿ ಅಥವಾ ನೀಟ್, ಅಲ್ಲಿಂದ ಸೀಟು, ಕ್ಯಾಂಪಸ್ ನೇಮಕಾತಿ, ಇಪ್ಪತ್ತೇಳಕ್ಕೆ ಮದುವೆ ಎಂದು ಸಾಲಾಗಿ ಜೋಡಿಸಿಟ್ಟ ಹಾದಿಯಲ್ಲಿ ನಡೆದವರು ಹೊರನೋಟಕ್ಕೆ ಅತ್ಯಂತ ಯಶಸ್ವಿಗಳು. ಆ ಹಾದಿಯಲ್ಲಿ ಎಲ್ಲಿಯೂ ಎಡವದವರಿಗೆ ಪ್ರಶ್ನೆ ಏಳುವುದು ತಡವಾಗಿ, ಮನೆ ಸಾಲವೂ ಮಗುವೂ ಇರುವ ವಯಸ್ಸಿನಲ್ಲಿ. ಆಗ ಅದನ್ನು ಕೇಳಿಕೊಳ್ಳುವ ಬೆಲೆಯೂ ಹೆಚ್ಚು.

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಎದುರುಗೊಳ್ಳಬೇಕು. ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವ ಒಂಟಿ ವ್ಯಕ್ತಿಯೇ ಆರೋಗ್ಯದ ಮಾದರಿ ಎಂಬ ಪಶ್ಚಿಮದ ನಂಬಿಕೆಯನ್ನು ಈ ಚಿಕಿತ್ಸೆಗಳು ತಮ್ಮೊಳಗೆ ಬಚ್ಚಿಟ್ಟುಕೊಂಡು ಬರುತ್ತವೆ ಎಂಬ ಟೀಕೆ ಹೊಸದಲ್ಲ. ಭಾರತದ ಮನೋವಿಶ್ಲೇಷಕ ಸುಧೀರ್ ಕಕ್ಕರ್ ತಮ್ಮ 1978ರ ಗ್ರಂಥದಲ್ಲಿ ಭಾರತೀಯ ಬಾಲ್ಯವನ್ನು ವಿಶ್ಲೇಷಿಸುತ್ತ, ಆನಂತರ ಅಮೆರಿಕದ ಮನೋವಿಶ್ಲೇಷಕ ಅಲನ್ ರೋಲೆಂಡ್ 1988ರಲ್ಲಿ ಭಾರತ ಮತ್ತು ಜಪಾನಿನ ರೋಗಿಗಳ ಅನುಭವವನ್ನು ಬರೆಯುತ್ತ, ಇಲ್ಲಿನ ವ್ಯಕ್ತಿತ್ವವು ಕುಟುಂಬದ ನೆಂಟಸ್ತಿಕೆಗಳೊಳಗೇ ರೂಪುಗೊಳ್ಳುತ್ತದೆ ಎಂದು ವಾದಿಸಿದರು. ರೋಲೆಂಡ್ ಅದನ್ನು ಕೌಟುಂಬಿಕ ಸ್ವ ಎಂದು ಕರೆದರು. ಮೂವತ್ತು ದಾಟಿದ ಮಗ ಅಪ್ಪನನ್ನು ಕೇಳದೆ ಕೆಲಸ ಬಿಡಲಾರ ಎಂದರೆ ಅದು ಅವನ ಅಪಕ್ವತೆಯೇ ಆಗಬೇಕಾಗಿಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲೇ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿ ಮಾಡಿದ್ದು ಈ ತಿಳಿವಳಿಕೆಯಿಂದಲೇ.

ಟೀಕೆ ನಿಜವಾದರೂ ಅದರಿಂದ ತೆಗೆಯುವ ತೀರ್ಮಾನ ಅನೇಕ ಸಲ ತಪ್ಪಾಗಿರುತ್ತದೆ. ಕುಟುಂಬ ನಮ್ಮ ವ್ಯಕ್ತಿತ್ವದ ಭಾಗವೆಂದರೆ, ಕುಟುಂಬದ ನಿರ್ಧಾರವೇ ವ್ಯಕ್ತಿಯ ಹಿತ ಎಂದಾಗುವುದಿಲ್ಲ. ಕುಟುಂಬ ಚಿಕಿತ್ಸೆಯ ಪ್ರವರ್ತಕರಲ್ಲೊಬ್ಬರಾದ ಮರ್ರೇ ಬೋವೆನ್ ಅವರು ಸಂಬಂಧವನ್ನು ಕಡಿದುಕೊಳ್ಳದೆಯೂ ತನ್ನ ನಿಲುವನ್ನು ಉಳಿಸಿಕೊಳ್ಳುವ ಸಾಮರ್ಥ್ಯಕ್ಕೆ ಒತ್ತುಕೊಟ್ಟರು. ಇಬ್ಬರ ನಡುವಿನ ಬಿಗುವು ಹೆಚ್ಚಿದಾಗ ಅವರು ಮೂರನೆಯವರನ್ನು ಎಳೆದುಕೊಂಡು ತ್ರಿಕೋನವಾಗುತ್ತಾರೆ ಎಂದೂ ಹೇಳಿದರು. ಗಂಡ ಹೆಂಡಿರ ನಡುವೆ ಆಡಲಾರದ ಮಾತು ಅತ್ತೆಯ ಅಡುಗೆಮನೆಯ ಜಗಳವಾಗಿ ಹೊರಬರುವುದನ್ನು ಕಂಡವರಿಗೆ ಈ ಸಿದ್ಧಾಂತವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಥ ಮನೆಯಲ್ಲಿ ಒಳ್ಳೆಯ ಚಿಕಿತ್ಸಕ ಕೇಳುವ ಪ್ರಶ್ನೆ ತಪ್ಪು ಯಾರದು ಎಂಬುದಲ್ಲ, ಆಡದೆ ಉಳಿದ ಮಾತು ಯಾವುದು ಎಂಬುದು. ರಾಜಿಯ ಬಾಗಿಲಲ್ಲಿ ಈ ಪ್ರಶ್ನೆಗೆ ಸಮಯವಿರುವುದಿಲ್ಲ.

ಬದುಕಿನ ತಿರುವುಗಳ ವಿಷಯದಲ್ಲಿ ಭಾರತೀಯ ಸಮಾಜವು ಬರಿಗೈಯಲ್ಲಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಮಾನವಶಾಸ್ತ್ರಜ್ಞ ಆರ್ನಲ್ಡ್ ವ್ಯಾನ್ ಗೆನೆಪ್ 1909ರಲ್ಲೇ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿಸುವ ವಿಧಿಗಳಲ್ಲಿ ಬೇರ್ಪಡುವಿಕೆ, ನಡುವಿನ ಅತಂತ್ರ, ಮರುಸೇರ್ಪಡೆ ಎಂಬ ಮೂರು ಹಂತಗಳಿರುತ್ತವೆ ಎಂದು ತೋರಿಸಿದ್ದರು. ಸೀಮಂತ, ಬಾಣಂತನ, ಗೃಹಪ್ರವೇಶ, ಷಷ್ಟ್ಯಬ್ದಿ ಇವೆಲ್ಲ ನಡುವಿನ ಆ ಅತಂತ್ರದಲ್ಲಿ ವ್ಯಕ್ತಿಯನ್ನು ಒಂಟಿಯಾಗಿ ಬಿಡದ ಏರ್ಪಾಡುಗಳು. ಬಾಣಂತಿಯನ್ನು ತಿಂಗಳುಗಟ್ಟಲೆ ತವರಿನಲ್ಲಿ ಇಟ್ಟುಕೊಳ್ಳುವ ಪದ್ಧತಿಯಲ್ಲಿ ಕಟ್ಟುಪಾಡುಗಳೆಷ್ಟೇ ಇದ್ದರೂ, ಹೊಸ ತಾಯಿಗೆ ತಾಯಿಯಾಗಲು ಸಮಯ ಬೇಕೆಂಬ ವಿವೇಕ ಅದರಲ್ಲಿದೆ. ಆದರೆ ವಿಚ್ಛೇದನಕ್ಕೆ ವಿಧಿಯಿಲ್ಲ, ಐವತ್ತರಲ್ಲಿ ಕೆಲಸ ಕಳೆದುಕೊಂಡವರಿಗೆ ಆರತಿಯಿಲ್ಲ, ಮಕ್ಕಳೆಲ್ಲ ವಿದೇಶಕ್ಕೆ ಹೋದ ಮೇಲೆ ಮೈಸೂರಿನ ದೊಡ್ಡ ಮನೆಯಲ್ಲಿ ಉಳಿದ ಇಬ್ಬರಿಗೆ ಶಾಸ್ತ್ರವಿಲ್ಲ. ಇದ್ದ ವಿಧಿಗಳೂ ಎಲ್ಲರನ್ನೂ ಸಮಾನವಾಗಿ ಒಳಗೊಳ್ಳಲಿಲ್ಲ. ವಿಧವೆಗೆ ಸಿಕ್ಕಿದ್ದು ಬೇರ್ಪಡುವಿಕೆಯ ಹಂತ ಮಾತ್ರ, ಮರುಸೇರ್ಪಡೆ ಸಿಗಲೇ ಇಲ್ಲ.

ಲಿಂಗ ಅಸ್ಮಿತೆಯ ವಿಷಯದಲ್ಲಿ ಉತ್ತರ ಕರ್ನಾಟಕದ ಜೋಗಪ್ಪ ಪರಂಪರೆ ಇನ್ನೂ ಸಂಕೀರ್ಣವಾದ ಉದಾಹರಣೆ. ಗಂಡಾಗಿ ಹುಟ್ಟಿ ಹೆಣ್ಣಿನ ಭಾವ ತಾಳಿದವರಿಗೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ, ದೇವಿಯ ಕೊಡ ಹೊರುವ ಹಕ್ಕನ್ನೂ ಒಂದು ಹೆಸರನ್ನೂ ಕೊಟ್ಟ ಆ ಪದ್ಧತಿ, ಅದೇ ಕ್ಷಣದಲ್ಲಿ ಅವರನ್ನು ಮನೆಯಿಂದಲೂ ಬೇರೆಲ್ಲ ಉದ್ಯೋಗಗಳಿಂದಲೂ ದೂರ ಮಾಡಿತು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, 2021ರಲ್ಲಿ ಪದ್ಮಶ್ರೀಗೆ ಪಾತ್ರರಾದ ಮಂಜಮ್ಮ ಜೋಗತಿ ಅವರು ಆ ದಾರಿಯನ್ನು ಕಲೆಯ ದಾರಿಯನ್ನಾಗಿ ಮಾಡಿಕೊಂಡರೆಂಬುದು ಅವರ ಸಾಧನೆಯೇ ಹೊರತು ಪದ್ಧತಿಯ ಔದಾರ್ಯವಲ್ಲ.

ಚಿಕಿತ್ಸೆಯ ಹೆಸರಿನಲ್ಲಿಯೇ ಆದ ಅಪಚಾರ ಇದಕ್ಕಿಂತ ಕ್ರೂರವಾದುದು. ಸಲಿಂಗಿಗಳನ್ನೂ ಲಿಂಗತ್ವ ಅಲ್ಪಸಂಖ್ಯಾತರನ್ನೂ ಔಷಧ, ಭಯ, ಉಪದೇಶಗಳಿಂದ ಬದಲಾಯಿಸುತ್ತೇವೆನ್ನುವ ಪರಿವರ್ತನಾ ಚಿಕಿತ್ಸೆಗೆ ವೈಜ್ಞಾನಿಕ ಆಧಾರವಿಲ್ಲ. ತಮ್ಮ ಸಲಿಂಗ ಸಂಬಂಧಕ್ಕೆ ಎದುರಾದ ಪೋಷಕರ ವಿರೋಧದಿಂದ ರಕ್ಷಣೆ ಕೋರಿ ಮದ್ರಾಸ್ ಹೈಕೋರ್ಟಿಗೆ ಬಂದ ಇಬ್ಬರು ಯುವತಿಯರ ಪ್ರಕರಣದಲ್ಲಿ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ಯುವತಿಯರನ್ನೂ ಪೋಷಕರನ್ನೂ ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದ್ದಲ್ಲದೆ, ಈ ವಿಷಯದಲ್ಲಿ ತಮಗೇ ಪೂರ್ವಗ್ರಹಗಳಿವೆ ಎಂದು ಒಪ್ಪಿಕೊಂಡು ತಾವೂ ಮನಶ್ಶಾಸ್ತ್ರಜ್ಞರೊಂದಿಗೆ ಕುಳಿತು ಅರಿತುಕೊಂಡು, ಆಮೇಲೆ 2021ರ ಜೂನ್‌ನಲ್ಲಿ ಆದೇಶ ನೀಡಿದರು. ಪರಿವರ್ತನಾ ಚಿಕಿತ್ಸೆಯನ್ನು ನಿಷೇಧಿಸಿದ ಆ ಪ್ರಕರಣದ ಮುಂದುವರಿಕೆಯಾಗಿ, ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಅದನ್ನು ವೃತ್ತಿಪರ ದುರ್ನಡತೆಯೆಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ಸಮಾಲೋಚನೆಯ ಅಗತ್ಯ ನ್ಯಾಯ ಕೇಳಿ ಬಂದವರಿಗೆ ಮಾತ್ರವಲ್ಲ, ತೀರ್ಪು ಕೊಡುವವರಿಗೂ ಇರಬಹುದೆಂದು ಒಬ್ಬ ನ್ಯಾಯಾಧೀಶರು ಬಹಿರಂಗವಾಗಿ ಒಪ್ಪಿಕೊಂಡದ್ದು ಭಾರತದ ನ್ಯಾಯಾಂಗದಲ್ಲಿ ಅಪರೂಪ.

ಆದರೆ ವೈದ್ಯಕೀಯ ಆಯೋಗದ ಆದೇಶ ಅನ್ವಯಿಸುವುದು ವೈದ್ಯರಿಗೆ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಅವರಿಬ್ಬರನ್ನು ಬಿಟ್ಟರೆ, ಆಪ್ತಸಮಾಲೋಚಕ, ಲೈಫ್ ಕೋಚ್, ಸಂಬಂಧ ತಜ್ಞ ಎಂದು ಫಲಕ ಹಾಕಿಕೊಂಡು ಕೂರಲು ದೀರ್ಘಕಾಲ ಯಾವ ಅಡ್ಡಿಯೂ ಇರಲಿಲ್ಲ. ವಾರಾಂತ್ಯದ ಕೋರ್ಸಿನ ಪ್ರಮಾಣಪತ್ರಕ್ಕೂ ಎರಡು ವರ್ಷದ ಮೇಲ್ವಿಚಾರಣೆಯ ತರಬೇತಿಗೂ ಇರುವ ವ್ಯತ್ಯಾಸ ನೆರವು ಬಯಸಿ ಬಂದವರಿಗೆ ಕಾಣುವಂತಿರಲಿಲ್ಲ. 2021ರ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯು ವರ್ತನಾ ಆರೋಗ್ಯ ವೃತ್ತಿಪರರು ಎಂಬ ವರ್ಗದಡಿ ಇತರ ಮನಶ್ಶಾಸ್ತ್ರಜ್ಞರನ್ನೂ ಸಮಾಲೋಚಕರನ್ನೂ ತಂದಿದೆ. ಇದು ಕಾಗದದಿಂದ ಕೆಳಗಿಳಿದು ಜಾರಿಗೆ ಬರಬೇಕಾದರೆ, ಪದವಿಯ ಜೊತೆಗೆ ಮೇಲ್ವಿಚಾರಣೆಯಲ್ಲಿ ಕಳೆದ ಗಂಟೆಗಳನ್ನೂ, ದೂರು ಕೊಡುವ ಸುಲಭ ವ್ಯವಸ್ಥೆಯನ್ನೂ ನೋಂದಣಿಯ ಷರತ್ತಾಗಿಸಬೇಕು.

ಹಣ ಮತ್ತು ಭಾಷೆಯ ತೊಡಕು ಬೇರೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು 2017ರ ಕಾಯ್ದೆ ಹೇಳಿದ್ದರೂ, ಕಾಯಿಲೆಯೆಂಬ ಹೆಸರಿಲ್ಲದ ಸಂಕಟಕ್ಕೆ ಅದು ತಲುಪುವುದಿಲ್ಲ. ಹಾಗಾಗಿ ಖಾಸಗಿ ಚಿಕಿತ್ಸೆ ಬೆಂಗಳೂರಿನ ಇಂಗ್ಲಿಷ್ ಬಲ್ಲ, ಸಂಬಳ ಬರುವ ವರ್ಗದ ಸೌಲಭ್ಯವಾಗಿ ಉಳಿದಿದೆ. ಕನ್ನಡದಲ್ಲಿ ಮನಸ್ಸಿನ ಬಗ್ಗೆ ಬರೆಯುವ ಪರಂಪರೆಗೆ ಕೊರತೆಯಿಲ್ಲ. ಕೊರವಂಜಿ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ ಮನಮಂಥನ ಕೃತಿಗೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಕೊರತೆಯಿರುವುದು ಕನ್ನಡದಲ್ಲಿ ಕುಳಿತು ಕೇಳುವ ತರಬೇತಿಯಲ್ಲಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ, 14416 ಸಂಖ್ಯೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ ಎಂಬುದು ದೊಡ್ಡ ಸಮಾಧಾನವೇ ಆದರೂ, ಒಂದು ಕರೆಯ ಉಪಶಮನವು ಅದೇ ವ್ಯಕ್ತಿಯೊಂದಿಗೆ ತಿಂಗಳುಗಟ್ಟಲೆ ನಡೆಯುವ ಮಾತುಕತೆಗೆ ಬದಲಿಯಾಗದು. ಜಾತಿಯ ಅವಮಾನವನ್ನೋ ಕೂಲಿಯ ಕೊರತೆಯನ್ನೋ ಸಮಾಲೋಚನೆಯಿಂದ ನೀಗಿಸಬಹುದೆಂಬ ಭ್ರಮೆಯನ್ನೂ ಯಾರೂ ಇಟ್ಟುಕೊಳ್ಳಬಾರದು. ಅಂಥ ಕಡೆ ಚಿಕಿತ್ಸಕ ಮಾಡಬಹುದಾದ ಪ್ರಾಮಾಣಿಕ ಕೆಲಸವೆಂದರೆ ತಪ್ಪು ಅವರೊಳಗಿಲ್ಲ ಎಂದು ಗುರುತಿಸುವುದು.

ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ, ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರನ್ನು ನೇಮಿಸಿಕೊಳ್ಳಬೇಕೆಂದು ಮಾರ್ಗಸೂಚಿ ನೀಡಿತು. ರಾಜ್ಯ ಸರ್ಕಾರ ಇದನ್ನು ಜಾರಿಗೊಳಿಸುವಾಗ ಹುದ್ದೆಗಳ ಸಂಖ್ಯೆಯಷ್ಟನ್ನೇ ಲೆಕ್ಕ ಹಾಕಿದರೆ, ಪಿಯು ಕಾಲೇಜಿನ ಉಪನ್ಯಾಸಕರೊಬ್ಬರಿಗೇ ಎರಡು ದಿನದ ತರಬೇತಿ ಕೊಟ್ಟು ಹೆಚ್ಚುವರಿ ಹೊಣೆ ಹೊರಿಸುವಲ್ಲಿಗೆ ವಿಷಯ ಮುಗಿಯುತ್ತದೆ. ವಿದ್ಯಾರ್ಥಿಯೊಬ್ಬರು ಹೇಳಿದ ಯಾವ ಮಾತು ಪ್ರಾಣಾಪಾಯದ ಸೂಚನೆಯಾಗಿ ಪೋಷಕರಿಗೆ ತಲುಪಬೇಕು, ಯಾವ ಮಾತು ಪ್ರಾಂಶುಪಾಲರ ಕೊಠಡಿಗೆ ಎಂದೂ ಹೋಗಬಾರದು, ಸಮಾಲೋಚಕರ ವಾರ್ಷಿಕ ಮೌಲ್ಯಮಾಪನ ಯಾರ ಕೈಯಲ್ಲಿರಬೇಕು ಎಂಬುದನ್ನು ನಿಯಮದಲ್ಲಿ ಬರೆದಿಡದೆ ಹೋದರೆ, ಸಮಾಲೋಚಕರ ಕೊಠಡಿಗೆ ಬರುವ ಮಕ್ಕಳು ಪರೀಕ್ಷೆಯ ಭಯವನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ.